ಬಿಳಿ ಕಣ್ಣಿನ ಮಾಳಿಂಗಪ್ಪ

ಕುರ್ಡಿಯ ಮಾಳಿಂಗಪ್ಪ ಜೈಲಿಗೆ ಹೋದದ್ದು ಕುರಿಗಳ ದೆಸೆಯಿಂದ, ಜೈಲಿನಲ್ಲಿ ಕ್ಷೌರ ಮಾಡುವವನಾದದ್ದೂ ಕುರಿಗಳ ದೆಸೆಯಿಂದಲೇ. ಅವನ ಬಾಳಿನಲ್ಲಿ ಕುರಿಗಳು ತಲೆ ಹಾಕದ ಸಂಗತಿಯೆಂದರೆ ಮದುವೆಯೊಂದೇ ಎನ್ನಬೇಕು. ಅದೂ ಪೂರ್ತಿ ನಿಜವಲ್ಲ, ಹೆಂಡತಿ ಬಾಲಮ್ಮನನ್ನು ಅವನು ಮೊದಲು ಕಂಡದ್ದು ಮಾನ್ವಿಯ ಕುರಿ ಸಂತೆಯಲ್ಲಿ.

ಎಂಬತ್ತೊಂದನೆಯ ಇಸವಿ. ಒಂದು ಮಧ್ಯಾಹ್ನ ಅವನ ಹಿಂಡು ಗೌಡರೊಬ್ಬರ ನೆಲ್ಲಿನ ಗದ್ದೆಗೆ ನುಗ್ಗಿತು. ಮಾಳಿಂಗಪ್ಪ ಬೇವಿನ ಗಿಡದ ಬುಡದಲ್ಲಿ ಸುಖವಾಗಿ ಗೊರಕೆ ಹೊಡೆಯುತ್ತಿದ್ದ. ಎದ್ದು ನೋಡುವಷ್ಟರಲ್ಲಿ ಗೌಡರ ಆಳುಗಳು ಕುರಿಗಳನ್ನು ದೊಡ್ಡಿಗೆ ಹೊಡೆದುಕೊಂಡು ಹೊರಟಿದ್ದರು. ಮಾತಿಗೆ ಮಾತು ಬೆಳೆಯಿತು, ಬಡಿಗೆ ಎದ್ದಿತು, ಒಬ್ಬ ಆಳಿನ ಮುಂಗೈ ಮುರಿಯಿತು. ಕೋರ್ಟಿನಲ್ಲಿ ವಕೀಲರು ಬಾಯಿಪಾಠ ಮಾಡಿಸಿದ್ದನ್ನೆಲ್ಲ ಮರೆತು ಅವನು, "ಹೊಡದೀನ್ರಿ ಸಾಹೇಬ್ರ. ಇನ್ನೊಂದು ಹೊಡೀಬೇಕಂತಿದ್ದೆ, ಅಷ್ಟರಾಗ ಬಿಡಿಸಿಬಿಟ್ರು" ಎಂದ. ಇಂಥ ಸತ್ಯಸಂಧತೆಗೆ ಕಾಯಿದೆಯಲ್ಲಿ ಬಹುಮಾನವಿಲ್ಲ. ಒಂದೂವರೆ ವರ್ಷ ಬಿತ್ತು.

ಆ ಕಾಲಕ್ಕೆ ರಾಯಚೂರಿನ ಹೊರವಲಯದಲ್ಲಿ, ಹತ್ತಿ ಗಿರಣಿಯ ಬೆನ್ನಿಗೆ, ಜನ ಹುಣಸೆಗಿಡದ ಜೈಲು ಎಂದು ಕರೆಯುತ್ತಿದ್ದ ಒಂದು ಚಿಕ್ಕ ಜೈಲಿತ್ತು. ಈಗ ಜೈಲೂ ಇಲ್ಲ, ಗಿಡವೂ ಇಲ್ಲ. ಅಲ್ಲಿನ ಜೈಲರ್ ಜಿಲಾನಿ ಪಾಷಾ ದೊಡ್ಡ ಗಂಟಲಿನ, ಸಣ್ಣ ಕೋಪದ ಮನುಷ್ಯ. ಮಾಳಿಂಗಪ್ಪ ಕಾಲಿಟ್ಟ ದಿನವೇ ಅಲ್ಲಿ ಕ್ಷೌರ ಮಾಡುತ್ತಿದ್ದ ಕೈದಿಗೆ ಬಿಡುಗಡೆಯಾಗಿತ್ತು.

"ಹೊರಗ ಏನು ಕೆಲಸ ಮಾಡ್ತಿದ್ದಿ?"

"ಕುರಿ ಕಾಯ್ತಿದ್ದೆರೀ. ಅವುಗಳ ತುಪ್ಪಟ ಕತ್ತರಸ್ತಿದ್ದೆ."

ಪಾಷಾ ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರ ಮುಗೀತು ಬಿಡು. ಕುರಿ ಕತ್ತರಿಸಿದವಂಗ ಮಂದಿ ಯಾವ ಲೆಕ್ಕ" ಎಂದು ಕ್ಷೌರದ ಕತ್ತಿಯನ್ನು ಅವನ ಕೈಗೆ ಕೊಡಿಸಿದರು.

ಮೊದಲ ವಾರ ಜೈಲಿನಲ್ಲಿ ರಕ್ತಪಾತವಾಯಿತು ಎಂದರೆ ಸುಳ್ಳಲ್ಲ. ಮಾಳಿಂಗಪ್ಪನಿಗೆ ಗೊತ್ತಿದ್ದದ್ದು ಒಂದೇ ಪದ್ಧತಿ: ಗಿರಾಕಿಯನ್ನು ಮಗ್ಗುಲಿಗೆ ಕೆಡವಿ, ಕುತ್ತಿಗೆಯನ್ನು ಮೊಣಕಾಲಿನಲ್ಲಿ ಅದುಮಿ, ಕೆಲಸ ಶುರು ಮಾಡುವುದು. ದೇವದುರ್ಗದ ಹನುಮಂತ್ರಾಯ ಎಂಬ ಜೇಬುಗಳ್ಳ, ಎಂಥೆಂಥ ಪೊಲೀಸರ ಏಟಿಗೂ ಬಾಯಿ ಬಿಡದವನು, ಆ ಮೊಣಕಾಲಿನ ಕೆಳಗೆ ಮಾಡದ ಕಳವುಗಳನ್ನೂ ಒಪ್ಪಿಕೊಂಡ. ಬರಬರುತ್ತ ಕೈ ಹದಕ್ಕೆ ಬಂತು. ಎರಡು ತಿಂಗಳಲ್ಲಿ ಕೈದಿಗಳು ತಾವಾಗಿಯೇ ಬಂದು ಅವನ ತೊಡೆಯ ಮೇಲೆ ತಲೆ ಇಟ್ಟು ಕಣ್ಣು ಮುಚ್ಚುವಂತಾಯಿತು. ಅಲ್ಲೇ ಒಬ್ಬಿಬ್ಬರು ನಿದ್ದೆ ಹೋದದ್ದೂ ಉಂಟು. ಕತ್ತಿ ಒಂದೇ, ನೀರಿನ ತಂಬಿಗೆ ಒಂದೇ, ಒರೆಸುವ ಚಿಂದಿ ಒಂದೇ. ಆಗ ಹೊರಗಿನ ಊರುಗಳಲ್ಲೂ ಹಾಗೇ ಇತ್ತು, ಯಾರೂ ಅದನ್ನು ತಪ್ಪೆಂದು ತಿಳಿದಿರಲಿಲ್ಲ.

ಮಾಳಿಂಗಪ್ಪನ ತಂಗಿ ಯಮನಮ್ಮನನ್ನು ಚೀಕಲಪರ್ವಿಗೆ ಕೊಟ್ಟಿತ್ತು. ಒಂದು ದಿನ ಅವಳು ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡು ಭೇಟಿಗೆ ಬಂದಳು. ಹುಡುಗನ ಹೆಸರು ಸಾಬಣ್ಣ, ಎರಡು ತುಂಬಿ ಮೂರರಲ್ಲಿ ನಡೆಯುತ್ತಿತ್ತು. ಹುಟ್ಟುಗೂದಲು ಹೆಗಲು ದಾಟಿ ಇಳಿದಿದ್ದರಿಂದ ಎರಡು ಜಡೆ ಹಾಕಿದ್ದರು. ಕಾವಲಿನವನು "ಯಾರವ್ವ ನೀನು, ಹುಡಿಗಿ?" ಎಂದು ಕೇಳಿದ್ದಕ್ಕೆ ಸಾಬಣ್ಣ ಅಂಗಿ ಎತ್ತಿ ಉತ್ತರ ಕೊಟ್ಟ.

ಜವಳಕ್ಕೆ ಮೊದಲ ಕತ್ತರಿ ಹಾಕಬೇಕಾದವನು ಸೋದರಮಾವ. ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅವನು ಮೊದಲ ಎಳೆ ತೆಗೆಯಬೇಕು, ಉಳಿದದ್ದನ್ನು ಊರಿನ ಕ್ಷೌರಿಕ ಮುಗಿಸುತ್ತಾನೆ. ಯಮನಮ್ಮನಿಗೆ ಇದ್ದ ಅಣ್ಣ ಒಬ್ಬನೇ.

"ನಮ್ಮತ್ತಿ ದಿನಾ ಕಿಟಿಕಿಟಿ ಮಾಡಾಕತ್ತಾಳಣ್ಣಾ. ದೂರದ ಮಾವ ಯಾವನಾದ್ರೂ ಹಾಕಲಿ, ಮುಗಿಸಿಬಿಡೂನು ಅಂತಾಳ" ಎಂದಳು ಯಮನಮ್ಮ. "ನಾನು ಹೇಳೀನಿ, ನಮ್ಮಣ್ಣ ಬರೋತನ ಈ ತಲಿಗಿ ಯಾರ ಕೈನೂ ಹತ್ತಗೊಡಾಂಗಿಲ್ಲ."

"ಬರ್ತೀನಿ ತಂಗಿ. ಈಗಂತೂ ಕೈ ಭಾಳ ಹದ ಆಗ್ಯಾದ" ಎಂದು ಮಾಳಿಂಗಪ್ಪ ಸರಳುಗಳ ನಡುವೆ ಕೈ ತೂರಿಸಿ ಹುಡುಗನ ಜಡೆ ಎಳೆದ. ಆ ದಿನದಿಂದ ಅವನಿಗೆ ಬಿಡುಗಡೆಯೆಂದರೆ ಆ ತಲೆಯೊಂದೇ. ಯಾರ ತಲೆ ಹಿಡಿದರೂ ಮನಸ್ಸು ಚೀಕಲಪರ್ವಿಯ ಹೊಳೆದಂಡೆಯಲ್ಲಿರುತ್ತಿತ್ತು.

ಬೇಸಿಗೆ ಹೊತ್ತಿಗೆ ಜೈಲಿನಲ್ಲಿ ಕಾಮಣಿ ಕಾಣಿಸಿಕೊಂಡಿತು. ಮೊದಲು ಒಬ್ಬನಿಗೆ ಅನ್ನ ಸೇರದಾಯಿತು, ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾದವು. ಅವನ ಹಿಂದೆ ಇನ್ನೂ ನಾಲ್ಕಾರು ಜನ ಮಲಗಿದರು. ಒಬ್ಬನನ್ನಂತೂ ದೊಡ್ಡ ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ಮುಂಗೈಗೆ ಬರೆ ಎಳೆದರೆ ಹೋಗುತ್ತದೆಂದು ಕೈದಿಗಳು ಅಡುಗೆಮನೆಯಲ್ಲಿ ಕುಡುಗೋಲು ಕಾಯಿಸುತ್ತಿದ್ದಾಗ ಡಾಕ್ಟರ್ ಸೂಗಮ್ಮ ಬಂದರು.

ಸೂಗಮ್ಮ ರಾಯಚೂರಿನ ಅಕ್ಕಿ ಗಿರಣಿಯವರ ಮಗಳು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಚರ್ಮದ ಚೀಲ, ನಾಲಿಗೆಯ ಮೇಲೆ ಯಾರ ಹಂಗೂ ಇಲ್ಲ. ಗಂಡಸರ ಜೈಲಿಗೆ ಹೆಣ್ಣು ಡಾಕ್ಟರೇ ಎಂದು ಮೂಗು ಮುರಿದಿದ್ದ ಪಾಷಾ ಸಾಹೇಬರು ಮೊದಲ ಅರ್ಧ ತಾಸಿನಲ್ಲೇ ನೀರಿನ ತೊಟ್ಟಿ ತೊಳೆಸಲು ಓಡಾಡತೊಡಗಿದ್ದರು. ಕಾಯಿಸುತ್ತಿದ್ದ ಕುಡುಗೋಲನ್ನು ಡಾಕ್ಟರಮ್ಮ ನೀರಿಗೆ ಎಸೆಸಿದರು. ಕುಡಿಯುವ ನೀರು ಕುದಿಸಬೇಕು, ಮಲಗಿದವರಿಗೆ ಬೇರೆ ಕೋಣೆ, ಕೆಲಸವಿಲ್ಲ, ಎಣ್ಣೆಯಿಲ್ಲ, ಹಾಲು, ಬೆಲ್ಲದ ಗಂಜಿ, ಗ್ಲೂಕೋಸು ಎಂದರು.

ಆಮೇಲೆ ಮಾಳಿಂಗಪ್ಪನನ್ನು ಕರೆದರು. "ನೋಡಪಾ, ಎಲ್ಲಾರ ತಲಿ ನಿನ್ನ ತೊಡಿ ಮ್ಯಾಲೆ ಬರ್ತದ. ಬಿಸಿಲಾಗ ಕೂಡಿಸಿ ಕೆಳಗಿನ ರೆಪ್ಪಿ ಜಗ್ಗಿ ನೋಡು. ಹಳದಿ ಕಂಡ್ರ ಜೈಲರ್ ಸಾಹೇಬ್ರಿಗೆ ಹೇಳು."

ಇದು ಅವನಿಗೆ ಎಡಗೈ ಕೆಲಸ. ಕುರಿ ಕಣ್ಣಿನ ರೆಪ್ಪೆ ಜಗ್ಗಿ ನೋಡಿಯೇ ಅವನು ದೊಡ್ಡವನಾದದ್ದು. ಡಾಕ್ಟರಮ್ಮ ಹೋದ ಮೇಲೆ ಗಂಭೀರನಾಗಿ ಸಾಲು ನಿಲ್ಲಿಸಿದ. ಆದರೆ ಕಂಡದ್ದನ್ನು ನೆನಪಿಡುವುದಕ್ಕೂ ಅವನಿಗೆ ಕುರಿ ಹಟ್ಟಿಯ ಪದ್ಧತಿಯೇ ಗೊತ್ತಿದ್ದದ್ದು. ಜೈಲಿನ ಗೋಡೆಯ ಬುಡಕ್ಕೆ ಬಳಿಯಲೆಂದು ಕಲಸಿಟ್ಟಿದ್ದ ಕೆಮ್ಮಣ್ಣಿನಲ್ಲಿ ಬೆರಳದ್ದಿ, ಅನುಮಾನ ಬಂದವರ ಅಂಗಿಯ ಬೆನ್ನಿಗೆಲ್ಲ ಒಂದೊಂದು ಅಡ್ಡಗೆರೆ ಎಳೆದ. ರೋಗದ ಕುರಿಗೆ ಗುರುತು ಹಾಕಿ ಬೇರೆ ಕಟ್ಟುವುದು ಹಾಗೆಯೇ.

ಕೆಮ್ಮಣ್ಣಿನ ಗೆರೆಯವರಿಗೆ ಹಾಲು, ಬೆಲ್ಲದ ಗಂಜಿ, ಮೇಲೆ ಕಲ್ಲು ಒಡೆಯುವ ಕೆಲಸವಿಲ್ಲ ಎಂಬುದು ಜೈಲಿಗೆ ತಿಳಿಯಲು ಒಂದು ಹೊತ್ತು ಸಾಕಾಯಿತು. ಮರುದಿನ ಬೆಳಿಗ್ಗೆ ಅರ್ಧ ಜೈಲಿನ ಬೆನ್ನ ಮೇಲೆ ಗೆರೆಗಳಿದ್ದವು. ಕೆಲವರು ಖಾತ್ರಿಗೆ ಎರಡೆರಡು ಎಳೆದುಕೊಂಡಿದ್ದರು. ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಹನುಮಂತ್ರಾಯ ಎಲ್ಲರಿಗಿಂತ ಮುಂದೆ ಹೋಗಿ ಮುಖ, ಕುತ್ತಿಗೆ, ಉಗುರಿಗೆಲ್ಲ ಅರಿಶಿನ ಬಳಿದುಕೊಂಡು ಮದುಮಗನ ಹಾಗೆ ಕಂಬಳಿ ಹೊದ್ದು ನರಳುತ್ತಿದ್ದ.

ಡಾಕ್ಟರಮ್ಮ ಬಂದು ಎಲ್ಲರ ಬೆನ್ನನ್ನೂ ನೋಡಿದರು. ಬಳಿಕ ಚೀಲದಿಂದ ಸಣ್ಣ ಸೀಸೆಗಳನ್ನು ತೆಗೆದು ಎಲ್ಲರ ಉಚ್ಚೆ ತರಿಸಿದರು. ಸೀಸೆ ಅಲ್ಲಾಡಿಸಿದರೆ ಕಾಮಣಿಯವರದರಲ್ಲಿ ಹಳದಿ ನೊರೆ ಏಳುತ್ತದೆ, ಉಳಿದವರದರಲ್ಲಿ ಬಿಳಿ. ಹನುಮಂತ್ರಾಯನ ನೊರೆ ಹಾಲಿನಷ್ಟು ಬಿಳಿಯಾಗಿತ್ತು.

"ಹೊರಗ ಅರಿಶಿನ, ಒಳಗ ಬರೀ ಸುಳ್ಳು" ಎಂದರು ಸೂಗಮ್ಮ. "ಹೋಗು, ಮಾರಿ ತೊಳಕೊಂಡು ಕಲ್ಲು ಒಡಿ."

ಜೈಲೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾಳಿಂಗಪ್ಪನೂ ನಗುತ್ತಿದ್ದ, ಡಾಕ್ಟರಮ್ಮ ಅವನ ಕಡೆ ತಿರುಗುವತನಕ. "ಇವರು ಮಂದಿ, ಕುರಿ ಅಲ್ಲ. ಇನ್ನೊಮ್ಮಿ ಯಾರ ಬೆನ್ನಿಗರೆ ಬಣ್ಣ ಹಚ್ಚೀದಿ ಅಂದ್ರ ನಿನಗ ಸೂಜಿ ಚುಚ್ಚತೀನಿ." ಅವನ ನಗು ಅಲ್ಲೇ ನಿಂತಿತು.

ಸೂಜಿ ಹೇಗೂ ಬಂತು. ಕಾಮಣಿಯಲ್ಲಿ ನೀರಿನಿಂದ ಬರುವುದು ಒಂದು, ರಕ್ತದಿಂದ ರಕ್ತಕ್ಕೆ ಹೋಗುವುದು ಇನ್ನೊಂದು ಎಂದು ಡಾಕ್ಟರಮ್ಮ ವಿವರಿಸಿದರು. ಎರಡನೆಯದು ಕತ್ತಿ, ಸೂಜಿ, ಹಚ್ಚೆಯ ಮುಳ್ಳಿನಿಂದ ದಾಟುತ್ತದೆ. ಅದನ್ನು ಹಿಡಿಯಲು ರಕ್ತ ಬೇಕು, ಆ ಪರೀಕ್ಷೆ ಹೈದರಾಬಾದಿನಲ್ಲಿ ಆಗುತ್ತದೆ, ಅದರ ಹೆಸರಿನಲ್ಲಿ ಆಸ್ಟ್ರೇಲಿಯಾ ಎಂದಿದೆ. ಆಸ್ಟ್ರೇಲಿಯಾದಲ್ಲಿ ಜನರಿಗಿಂತ ಕುರಿಗಳೇ ಹೆಚ್ಚೆಂದು ಪಾಷಾ ಸಾಹೇಬರು ಹೇಳಿದ ಮೇಲೆ ಮಾಳಿಂಗಪ್ಪನಿಗೆ ಪರೀಕ್ಷೆಯ ಮೇಲೆ ಒಂದು ಬಗೆಯ ಅಭಿಮಾನವೇ ಹುಟ್ಟಿತು. ಎಲ್ಲರನ್ನೂ ತಾನೇ ಹಿಡಿದು ಕೂಡಿಸಿ ರಕ್ತ ಕೊಡಿಸಿದ. ಕೊನೆಗೆ, ಬರೀ ಮರ್ಯಾದೆಗೆಂದು, ತನ್ನ ತೋಳನ್ನೂ ಚಾಚಿದ. ಬಾವಿಯಲ್ಲಿ ಇಣುಕಿ ಅವನು ತನ್ನ ಕಣ್ಣು ನೋಡಿಕೊಂಡಾಗಿತ್ತು. ಹತ್ತಿಯಷ್ಟು ಬಿಳಿ.

ಉತ್ತರ ಬರುವತನಕ ಕ್ಷೌರ ಬಂದಾಯಿತು. ಗಡ್ಡಗಳು ಬೆಳೆದವು. ತಪಾಸಣೆಗೆ ಬಂದ ದೊಡ್ಡ ಸಾಹೇಬರೊಬ್ಬರು ಅಂಗಳದಲ್ಲಿ ಕುಳಿತವರನ್ನು ಕಂಡು, ಇದೇನು ಜೈಲೋ ಮಠವೋ ಎಂದು ಕೇಳಿದರಂತೆ. ಅಷ್ಟರಲ್ಲಿ ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಕೂತರು, ದೊಡ್ಡ ಆಸ್ಪತ್ರೆಗೆ ಹೋಗಿದ್ದವನೂ ತಿರುಗಿ ಬಂದು ರೊಟ್ಟಿ ಸಾಲದೆಂದು ಜಗಳ ತೆಗೆದ. ಮಾಳಿಂಗಪ್ಪ ಖಾಲಿ ಕೈಯಲ್ಲಿ ಕೂತು ಬಿಡುಗಡೆಗೆ ಉಳಿದ ದಿನ ನೆನೆಯುತ್ತಿದ್ದ.

ಉತ್ತರ ಬಂದ ದಿನ ಡಾಕ್ಟರಮ್ಮ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿದರು. ಮಲಗಿದ್ದವರಲ್ಲಿ ಬಹಳ ಜನರದು ನೀರಿನ ಕಾಮಣಿ, ವಾಸಿಯಾಗಿತ್ತು. ರಕ್ತದ್ದು ಇದ್ದವರು ಕೆಲವರೇ. ಅವರಲ್ಲೊಬ್ಬ ಮಾಳಿಂಗಪ್ಪ.

"ನನ್ನ ಕಣ್ಣು ಬೆಳ್ಳಗ ಅದಾವಲ್ರೀ" ಎಂದ ಅವನು.

"ಕಣ್ಣಾಗ ಕಾಣದನ ರಕ್ತದಾಗ ಕುಂತಿರ್ತದ. ನಿನಗೇನೂ ಮಾಡಿಲ್ಲ. ಆದ್ರ ನಿನ್ನಿಂದ ಇನ್ನೊಬ್ರಿಗೆ ದಾಟಬಹುದು."

ಅವನು ಎದ್ದು ಹೋದ. ಡಾಕ್ಟರಮ್ಮ ಉಳಿದವರ ಜೊತೆ ಮಾತು ಮುಗಿಸಿ ಹೊರಗೆ ಬಂದಾಗ ಅವನು ಎಲ್ಲೂ ಕಾಣಲಿಲ್ಲ. ಹುಡುಕಿದರೆ, ಬರಿದಾಗಿದ್ದ ರೋಗಿಗಳ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬನೇ ಕೂತಿದ್ದ. ಅಂಗಿಯ ಬೆನ್ನಿನ ಮೇಲೆ ಕೆಮ್ಮಣ್ಣಿನ ಗೆರೆ. ಬೆನ್ನಿಗೆ ಕೈ ಸರಿಯಾಗಿ ನಿಲುಕದೆ ಗೆರೆ ಸೊಟ್ಟಗೆ ಬಿದ್ದಿತ್ತು.

ಗದರಿಸಲೆಂದೇ ಬಂದಿದ್ದ ಸೂಗಮ್ಮ ಆ ಗೆರೆ ಕಂಡು ಚೀಲ ಕೆಳಗಿಟ್ಟರು. ಅವರು ಅಲ್ಲೇ ನೆಲದ ಮೇಲೆ ಕೂತರು.

"ಎಷ್ಟು ಮಂದಿಗೆ ಹಚ್ಚಿಬಿಟ್ನಿರೀ ಅಕ್ಕಾರ?" ಎಂದ ಮಾಳಿಂಗಪ್ಪ ತಿರುಗದೆ.

"ಗೊತ್ತಿಲ್ಲಪಾ. ನಿನ್ನಿಂದ ಅವರಿಗೆ ಹೋತೋ, ಅವರಿಂದ ನಿನಗ ಬಂತೋ, ಸಣ್ಣಾವಿದ್ದಾಗ ಹಚ್ಚಿ ಹಾಕಿಸಿಕೊಂಡ ಮುಳ್ಳಿಲೆ ಬಂತೋ, ಯಾರೂ ಹೇಳಾಕ ಬರಾಂಗಿಲ್ಲ. ಎಲ್ಲಾರಿಗೂ ಒಂದ ಕತ್ತಿ ಕೊಟ್ಟಾವ್ರು ನಾವು. ನೀ ಒಬ್ಬನ ಹೊತಗೋಬ್ಯಾಡ."

ಆಗ ಅವನು ತಿರುಗಿ ಮನಸ್ಸಿನಲ್ಲಿದ್ದದ್ದನ್ನು ಹೇಳಿದ. ತಂಗಿಯ ಮಗ, ಎರಡು ಜಡೆ, ಜವಳ. "ಆ ಕೂಸಿನ ತಲಿ ನಾ ಇನ್ನು ಮುಟ್ಟಬಾರದಲ್ರೀ?"

"ಯಾಕ ಮುಟ್ಟಬಾರದು? ಎತಗೋ, ಮುದ್ದಾಡು, ಒಂದ ತಾಟಿನಾಗ ಉಣ್ಣು. ರೋಗ ಕೈಯಾಗಿಲ್ಲ, ರಕ್ತದಾಗ ಅದ. ನಿನ್ನ ರಕ್ತ ಅದರ ರಕ್ತಕ್ಕ ಕೂಡಬಾರದು, ಅಷ್ಟ. ಕೈಯಾಗ ಗಾಯ ಇಲ್ದಂಗ ನೋಡಿಕೊಂಡು ಕೂದಲ ತುದಿಗಿ ಕತ್ತರಿ ಹಾಕು. ಚರ್ಮಕ್ಕ ತಾಗಿಸಬ್ಯಾಡ." ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಬಿಡುಗಡೆ ಆದ ಮ್ಯಾಲೆ ನಿನ್ನ ಹೆಂಡತಿನೂ ಕರಕೊಂಡು ಬಾ, ಆಕಿ ರಕ್ತನೂ ನೋಡೂನು. ಮತ್ತ ಇದಕ್ಕ ಗುಳಿಗಿ ಇಲ್ಲ. ಲಿವರಿಗೆ ತ್ರಾಸ ಕೊಡಬಾರದು. ಸೇಂದಿ ಬಿಡಬೇಕು, ಜಲ್ಮಪೂರ್ತಿ" ಎಂದರು.

ರೋಗದ ಸುದ್ದಿಗಿಂತ ಸೇಂದಿಯ ಸುದ್ದಿಗೇ ಅವನು ಹೆಚ್ಚು ನಿಟ್ಟುಸಿರು ಬಿಟ್ಟದ್ದು. ಡಾಕ್ಟರಮ್ಮನಿಗೆ ಸ್ವಲ್ಪ ಸಮಾಧಾನವಾಯಿತು.

ಮಾತು ಕಿವಿಗೆ ಬಿದ್ದರೂ ಕೈ ಅದನ್ನು ನಂಬಲಿಲ್ಲ. ಜೈಲಿಗೆ ಹೊಸ ಬ್ಲೇಡುಗಳು ಬಂದವು, ತಲೆಗೊಂದು ಬ್ಲೇಡು, ಕೆಲಸ ಮುಗಿದ ಮೇಲೆ ಪಾಷಾ ಸಾಹೇಬರೇ ನಿಂತು ಪೆಟ್ಟಿಗೆಗೆ ಹಾಕಿಸಿಕೊಳ್ಳಬೇಕು. ಆದರೆ ಮಾಳಿಂಗಪ್ಪ ಬ್ಲೇಡು ಮುಟ್ಟಲೊಲ್ಲ. ಕೈದಿಗಳೂ ಅವನಿಂದ ನಾಲ್ಕು ಮಾರು ದೂರ ನಿಂತು, ಗಡ್ಡ ಕೆರೆದುಕೊಳ್ಳುತ್ತ, ನೆಲ ನೋಡುತ್ತಿದ್ದರು. ಅದನ್ನು ಕಂಡು ಅವನು ಇನ್ನಷ್ಟು ಕುಗ್ಗಿದ.

ಪಾಷಾ ಸಾಹೇಬರು ಈ ನಾಟಕವನ್ನು ಸ್ವಲ್ಪ ಹೊತ್ತು ನೋಡಿದರು. ಟೊಪ್ಪಿಗೆ ತೆಗೆದು ಕಾವಲಿನವನ ಕೈಗೆ ಕೊಟ್ಟರು. ನೆಟ್ಟಗೆ ಬಂದು ಮಾಳಿಂಗಪ್ಪನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಗದ್ದ ಎತ್ತಿದರು.

"ಹಚ್ಚು."

"ಬ್ಯಾಡ್ರಿ ಸಾಹೇಬ್ರ. ಗೀರು ಬಿದ್ರ ಏನ್ ಮಾಡ್ಲಿ?"

"ಕುರಿ ಅಂತ ತಿಳ್ಕೊ. ಮೊಣಕಾಲು ಮಾತ್ರ ಕುತ್ತಿಗಿ ಮ್ಯಾಲೆ ಇಡಬ್ಯಾಡ."

ಅಂಗಳ ತುಂಬ ನಗು ಹಬ್ಬಿತು. ಮಾಳಿಂಗಪ್ಪ ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದುಕೊಂಡು, ಹೊಸ ಬ್ಲೇಡು ಸಿಕ್ಕಿಸಿ, ಉಸಿರು ಬಿಗಿಹಿಡಿದು ಆ ಗದ್ದ ಬೋಳಿಸಿದ. ಒಂದು ಗೀರು ಕೂಡ ಬೀಳಲಿಲ್ಲ. ಸಾಹೇಬರ ಹಿಂದೆ ಬಂದು ಕೂತವನು ಹನುಮಂತ್ರಾಯ. ಅವನ ಹಿಂದೆ ಸಾಲೇ ನಿಂತಿತು.

ಬಿಡುಗಡೆಯ ಹಿಂದಿನ ದಿನ ಹನುಮಂತ್ರಾಯ ಅವನ ಪಕ್ಕದಲ್ಲಿ ಕೂತು ಗುಟ್ಟಿನಲ್ಲಿ ಹೇಳಿದ, "ಊರಾಗ ಬಾಯಿ ಬಿಡಬ್ಯಾಡೋ ಮಾಳ್ಯಾ. ನಿನ್ನ ಕಣ್ಣು ಬೆಳ್ಳಗ ಅದಾವ, ಯಾರಿಗಿ ಗೊತ್ತಾಗ್ತದ? ಸುಮ್ಮಕ ಹೋಗಿ ಕತ್ತರಿ ಹಾಕಿ, ಹೋಳಗಿ ಉಂಡು ಬಾ." ಜೇಬುಗಳ್ಳನ ಮಾತಾದರೂ ಪ್ರೀತಿಯಿಂದ ಹೇಳಿದ್ದು. ಮಾಳಿಂಗಪ್ಪ ಹೂಂ ಎಂದ. ಮನೆಗೆ ಹೋಗಿ, ಬಾಲಮ್ಮನನ್ನು ರಾಯಚೂರಿಗೆ ಕರೆತಂದು ರಕ್ತ ಕೊಡಿಸಿ, ಅವಳಿಗೇನೂ ಇಲ್ಲವೆಂಬ ಸುದ್ದಿ ಬಂದ ಮೇಲೂ ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇತ್ತು. ಯಾರಿಗೆ ಗೊತ್ತಾಗುತ್ತದೆ?

ಚೀಕಲಪರ್ವಿಯ ಹೊಳೆದಂಡೆಯಲ್ಲಿ ಕಂಬಳಿ ಹಾಸಿದ್ದರು. ಹೊಳೆಯಲ್ಲಿ ನೀರು ಕಡಿಮೆ, ಬಿಸಿಲು ಜೋರು. ಬಂಧುಬಳಗ ಸುತ್ತ ಕೂತಿತ್ತು. ಸಾಬಣ್ಣನಿಗೆ ಹೊಸ ಅಂಗಿ, ಜಡೆ ಬಿಚ್ಚಿ ಎಣ್ಣೆ ಹಚ್ಚಿದ್ದರು. ಯಮನಮ್ಮನ ಅತ್ತೆ ಬೂದೆಮ್ಮ ಅರಿಶಿನ ಕುಂಕುಮ ಹಚ್ಚಿದ ಕತ್ತರಿಯನ್ನು ತಟ್ಟೆಯಲ್ಲಿಟ್ಟು ತಂದು ಮಾಳಿಂಗಪ್ಪನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ.

"ನನ್ನ ರಕ್ತದಾಗ ಕಾಮಣಿ ಅದ" ಎಂದ. ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. "ಜೇಲಿನಾಗ ಪರೀಕ್ಷಾ ಮಾಡ್ಯಾರ. ಕೈಯಾಗಿಲ್ಲ, ರಕ್ತದಾಗ ಅದ. ಮುಟ್ಟಿದ್ರ ಬರಾಂಗಿಲ್ಲ ಅಂತ ಡಾಕ್ಟರಮ್ಮ ಹೇಳ್ಯಾಳ. ನಾ ನಂಬೀನಿ. ನೀವು ನಂಬಬೇಕಂತೇನಿಲ್ಲ. ಆದ್ರ ಹೇಳದನ ಈ ಕೂಸಿನ ತಲಿ ಹಿಡಿಯಾಕ ನನ್ನಿಂದ ಆಗಾಂಗಿಲ್ಲ."

ಬೂದೆಮ್ಮ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. "ಹಂಗಾದ್ರ ಬ್ಯಾಡ್ಬಿಡಪಾ" ಎಂದಳು. "ದೂರದ ಮಾವ ಅದಾನಲ್ಲ, ಅವ ಹಾಕಲಿ." ಬೀಗರು ಹೌದೆಂದು ತಲೆಯಾಡಿಸಿದರು. ತಪ್ಪೇನಿಲ್ಲ, ಹಾಗೆನ್ನುವುದು ಯಾರಿಗಾದರೂ ಸಹಜ. ಮಾಳಿಂಗಪ್ಪ ಕಂಬಳಿಯಿಂದ ಏಳಲು ನೆಲಕ್ಕೆ ಕೈಯೂರಿದ. ಆದರೂ ಹೇಳಿದ್ದಕ್ಕೆ ಅವನು ಮರುಗಲಿಲ್ಲ.

ಯಮನಮ್ಮ ಅಣ್ಣನ ಮುಖವನ್ನೊಮ್ಮೆ ನೋಡಿದಳು.

"ಅತ್ತೀ, ಬಚ್ಚಿಡಬೇಕಂದ್ರ ಬಚ್ಚಿಡತಿದ್ದ" ಎಂದಳು. "ಇಷ್ಟು ಮಂದಿ ಮುಂದ ಹೇಳ್ಯಾನಂದ್ರ ನನ್ನ ಮಗನ ಮ್ಯಾಲೆ ಇವನಷ್ಟು ಕಾಳಜಿ ಯಾರಿಗದ? ಆ ದೂರದ ಮಾವನ ರಕ್ತ ಯಾರು ನೋಡ್ಯಾರ?"

ದೂರದ ಮಾವ ಗಾಬರಿಯಿಂದ ತನ್ನ ಕೈಗಳನ್ನು ನೋಡಿಕೊಂಡ. ಯಾರೋ ಕಿಸಕ್ಕೆಂದರು. ಬೂದೆಮ್ಮನಿಗೂ ನಗು ತಡೆಯಲಾಗಲಿಲ್ಲ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಯಮನಮ್ಮ ಅತ್ತೆಯ ಕೈಯಿಂದ ತಟ್ಟೆ ತೆಗೆದುಕೊಂಡು ಅಣ್ಣನ ಪಕ್ಕದಲ್ಲಿಟ್ಟಳು. ಮಗನನ್ನು ಎತ್ತಿ ಅವನ ತೊಡೆಯ ಮೇಲೆ ಕೂಡಿಸಿದಳು. "ಹಿಡಿಯಣ್ಣಾ" ಎಂದಳು, "ಹೊತ್ತಾಗಾಕತ್ತಾದ, ಕೂಸಿಗಿ ಹಸಿವಿ ಆಗ್ಯಾದ."